ಹಡಗಿಗೂ ಬಿಟ್ಟಿ: 1918ರಲ್ಲಿ ಡಚ್ ಸರಕು ಹಡಗುಗಳ ವಶ

1918ರ ಮಾರ್ಚ್ 20ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಒಂದು ಘೋಷಣೆ ಹೊರಡಿಸಿದರು. ಅದರ ಬಲದಿಂದ ಅಮೆರಿಕದ ಬಂದರುಗಳಲ್ಲಿ ನಿಂತಿದ್ದ 87 ಡಚ್ ಹಡಗುಗಳು, ಸುಮಾರು 5 ಲಕ್ಷ ಟನ್ನಿನವು, ಅಲ್ಲಿನ ಸರ್ಕಾರದ ಕೈಸೇರಿದವು. ಬೆನ್ನಿಗೇ ಬ್ರಿಟನ್ ಕೂಡ ತನ್ನ ಬಂದರುಗಳಲ್ಲಿದ್ದ ಡಚ್ ಹಡಗುಗಳನ್ನು ಹಿಡಿದುಕೊಂಡಿತು. ಮೊದಲ ಮಹಾಯುದ್ಧದಲ್ಲಿ ಹಾಲೆಂಡ್ ಮಾತ್ರ ಯಾರೊಡನೆಯೂ ಯುದ್ಧಕ್ಕಿಳಿದಿರಲಿಲ್ಲ.

ಈ ವಶಕ್ಕೆ ಕಾನೂನು ಪಂಡಿತರು ಕೊಟ್ಟ ಹೆಸರು ‘ಆಂಗರಿ’ಯ ಹಕ್ಕು. ಪ್ರಾಚೀನ ಪರ್ಷಿಯಾದ ಅಂಚೆ ಸವಾರರ ಹೆಸರಿನಿಂದ ಹುಟ್ಟಿ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಪ್ರಭುತ್ವಕ್ಕೆ ಸಲ್ಲಿಸಬೇಕಾದ ಕಡ್ಡಾಯ ಸೇವೆ ಎಂಬ ಅರ್ಥ ಪಡೆದ ಮಾತಿದು. ನಮ್ಮ ಶಾಸನಗಳ ‘ಬಿಟ್ಟಿ’ಗೆ ದೂರದ ನೆಂಟ ಎನ್ನಬಹುದು. ಇಲ್ಲಿ ಹಡಗಿನ ಮಾಲೀಕನಿಗೆ ಪರಿಹಾರ ಉಂಟು, ಅಷ್ಟೇ ವ್ಯತ್ಯಾಸ. ಈ ಪ್ರಕರಣವನ್ನು ಕಾನೂನಿನ ಪ್ರಶ್ನೆಯಾಗಿ ಓದುವವರೇ ಹೆಚ್ಚು. ಹಿಟ್ಟು ಮತ್ತು ಕಲ್ಲಿದ್ದಲಿನ ಲೆಕ್ಕ ಬಿಟ್ಟರೆ ಅದರ ತಿರುಳು ಸಿಗುವುದಿಲ್ಲವೆಂಬುದು ನನ್ನ ವಾದ.

ಹಾಲೆಂಡಿಗೆ ಗೋಧಿ, ದನದ ಮೇವು, ಗೊಬ್ಬರ ಕಡಲಿನಿಂದ ಬರಬೇಕಿತ್ತು. ಕಲ್ಲಿದ್ದಲು ಬಹುಪಾಲು ಜರ್ಮನಿಯಿಂದ. ಕಡಲು ಬ್ರಿಟನ್ನಿನ ಹಿಡಿತದಲ್ಲಿತ್ತು. ತಾನು ಬಿಟ್ಟ ಸರಕು ಗಡಿ ದಾಟಿ ಜರ್ಮನಿಗೆ ಹೋಗಬಾರದೆಂಬುದು ಬ್ರಿಟನ್ನಿನ ಹಟ. ಆ ಭರವಸೆಯನ್ನು ಡಚ್ ಸರ್ಕಾರವೇ ಕೊಟ್ಟರೆ ತಟಸ್ಥತೆ ಕೆಟ್ಟೀತು. ಹಾಗಾಗಿ 1914ರ ನವೆಂಬರ್‌ನಲ್ಲಿ ಹೇಗ್‌ನಲ್ಲಿ ವರ್ತಕರೂ ಬ್ಯಾಂಕಿನವರೂ ಸೇರಿ ‘ನೆದರ್ಲೆಂಡ್ಸ್ ಓವರ್‌ಸೀಸ್ ಟ್ರಸ್ಟ್’ ಎಂಬ ಖಾಸಗಿ ಕಂಪನಿ ಕಟ್ಟಿದರು. ಮುಂದಾಳು ಬ್ಯಾಂಕರ್ ಫಾನ್ ಆಲ್ಸ್ಟ್. ಸರ್ಕಾರ ಆಡಲಾಗದ ಮಾತನ್ನು ಕಂಪನಿ ಆಡಿತು. ಜಾಣ ಏರ್ಪಾಡು; ಎರಡು ವರ್ಷ ನಡೆಯಿತು ಕೂಡ.

1917ರ ಫೆಬ್ರವರಿ 1ರಿಂದ ಜರ್ಮನಿ ಜಲಾಂತರ್ಗಾಮಿಗಳಿಗೆ ಕಡಿವಾಣವಿಲ್ಲದ ಅಪ್ಪಣೆ ಕೊಟ್ಟಿತು. ಅದೇ ತಿಂಗಳ 22ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ ಡಚ್ ಹಡಗುಗಳಲ್ಲಿ ಆರು ಮುಳುಗಿದವು. ಬೇಸಿಗೆಯ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನ ಯೋರ್ಡಾನ್ ಕೇರಿಯ ಹೆಂಗಸರು ಕಾಲುವೆಯಲ್ಲಿ ಸೈನ್ಯಕ್ಕೆಂದು ಆಲೂಗಡ್ಡೆ ತುಂಬಿ ನಿಂತಿದ್ದ ದೋಣಿಯನ್ನು ಕಂಡು ಅದನ್ನೇ ಸೂರೆ ಮಾಡಿದರು. ಮನೆಯಲ್ಲಿ ಆಲೂಗಡ್ಡೆಯಿಲ್ಲ, ಸೈನ್ಯಕ್ಕೂ ಹೊರದೇಶಕ್ಕೂ ಮಾತ್ರ ಸಾಗುತ್ತಿದೆ ಎಂಬ ಸಿಟ್ಟು ಅದು. ಜುಲೈ ಮೊದಲ ವಾರ ಗಲಭೆ ಹಬ್ಬಿ, ಸೈನಿಕರ ಗುಂಡಿಗೆ ಒಂಬತ್ತು ಮಂದಿ ಸತ್ತರು. ಅದೇ ತಿಂಗಳು ಅಮೆರಿಕ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಧಾನ್ಯ ತುಂಬಿಕೊಂಡ ಡಚ್ ಹಡಗುಗಳು ಲಂಗರು ಹಾಕಿದಲ್ಲೇ ಉಳಿದವು.

ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. 1918ರ ಜನವರಿಯಲ್ಲಿ ತಾತ್ಕಾಲಿಕ ಒಪ್ಪಂದವಾಗಿ, ಸುಮ್ಮನೆ ನಿಂತ ಹಡಗುಗಳು 90 ದಿನಗಳವರೆಗಿನ ಯಾನಕ್ಕೆ, ಒಂದಷ್ಟು ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿಗೆ ಆಹಾರ ಒಯ್ಯಲಿಕ್ಕೆ ಎಂದು ಗೊತ್ತಾಯಿತು. ಜರ್ಮನಿ ಅಡ್ಡಿ ಹಾಕಿತು: ಬೆಲ್ಜಿಯಂ ಪರಿಹಾರಕ್ಕೆಂದು ಒಂದು ಹಡಗು ಹಾಲೆಂಡ್ ಬಿಟ್ಟರೆ ಇನ್ನೊಂದು ಆಗಲೇ ಹಿಂತಿರುಗಿ ಬರಬೇಕು ಎಂದಿತು. ಮಾರ್ಚ್‌ನಲ್ಲಿ ಮಿತ್ರರಾಷ್ಟ್ರಗಳು ಗಡುವು ಕೊಟ್ಟವು. ಡಚ್ ವಿದೇಶಾಂಗ ಸಚಿವ ಲೌಡನ್ ಒಪ್ಪಿಗೆಗೆ ಷರತ್ತು ಸೇರಿಸಿದರು: ಹಡಗಿನಲ್ಲಿ ಪಡೆಗಳನ್ನಾಗಲಿ ಯುದ್ಧಸಾಮಗ್ರಿಯನ್ನಾಗಲಿ ಒಯ್ಯಕೂಡದು. ಅದನ್ನು ನಿರಾಕರಣೆಯೆಂದೇ ಎಣಿಸಲಾಯಿತು.

ಲೌಡನ್ ಅಳುಕಿನಿಂದ ಅವಕಾಶ ಕೈಚೆಲ್ಲಿದರೆ? ನನಗೆ ಹಾಗೆ ಅನಿಸುವುದಿಲ್ಲ. ಹಡಗುಗಳನ್ನು ತಾವಾಗಿ ಕೊಟ್ಟಿದ್ದರೆ ಜರ್ಮನಿ ಅದನ್ನು ಪಕ್ಷ ವಹಿಸಿದಂತೆ ಎಣಿಸುತ್ತಿತ್ತು. ಕಿತ್ತುಕೊಂಡರೆ ಪ್ರತಿಭಟಿಸಿ ಸುಮ್ಮನಾಗಬಹುದು. ಹೇಗ್‌ನ ಮಟ್ಟಿಗೆ ಬಲವಂತವೇ ಕಡಿಮೆ ಅಪಾಯದ ದಾರಿ.

ಆದರೂ ಜರ್ಮನಿ ತನ್ನ ಪಾಲು ಕೇಳದೆ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಅದು ಬೆಲ್ಜಿಯಂಗೆ ಡಚ್ ನೆಲದ ಮೂಲಕ ಮರಳು, ಜಲ್ಲಿ ಸಾಗಿಸಲು ಬಿಡಬೇಕೆಂದು ಪಟ್ಟು ಹಿಡಿಯಿತು. ರಸ್ತೆ ರಿಪೇರಿಗೆಂದು ಬರ್ಲಿನ್ ಹೇಳಿತು. ಫ್ಲಾಂಡರ್ಸ್‌ನ ಕಾಂಕ್ರೀಟ್ ಬಂಕರುಗಳಿಗೆಂದು ಲಂಡನ್ ಗುಮಾನಿಪಟ್ಟಿತು. ಕೆಲವು ವಾರ ಯುದ್ಧವೇ ಬಂತೆಂಬ ಭೀತಿ. ಕೊನೆಗೆ ಮೇ ಮೊದಲಲ್ಲಿ, ಸೈನಿಕ ಬಳಕೆಗಲ್ಲ ಎಂಬ ಮಾತು ಪಡೆದು ಹಾಲೆಂಡ್ ಬಗ್ಗಿತು.

ವಶಪಡಿಸಿಕೊಂಡಾಗ ಅಮೆರಿಕ ಒಂದು ಲಕ್ಷ ಟನ್ ಧಾನ್ಯ ಕೊಡುವುದಾಗಿ ಹೇಳಿತ್ತು. ಅದನ್ನು ತರಲು ಡಚ್ಚರು ತಮ್ಮಲ್ಲಿ ಉಳಿದ ಹಡಗುಗಳನ್ನೇ ಕಳಿಸಬೇಕಿತ್ತು. ಹಿಡಿದ ಹಡಗುಗಳಲ್ಲಿ ‘ರೈನ್‌ಡಾಮ್’ ಎಂಬ ಪ್ರಯಾಣಿಕರ ಹಡಗೂ ಇತ್ತು. ಮೇ ತಿಂಗಳಲ್ಲೇ ಅದು ಅಮೆರಿಕದ ನೌಕಾಪಡೆ ಸೇರಿ, ಫ್ರಾನ್ಸಿಗೆ ಸೈನಿಕರನ್ನು ಸಾಗಿಸತೊಡಗಿತು. ಮಾಲೀಕರಿಗೆ ಅದು ಮರಳಿ ಸಿಕ್ಕಿದ್ದು 1919ರಲ್ಲಿ.