ಚಿಚೇವಾ ಬೈಬಲಿನ ಪರಿಭಾಷೆ: ‘ನ್ಖೋಸ್ವೆ’ ಪದವನ್ನು ಕುರಿತು ಒಂದು ವಿಚಾರ

ಪರದೇಶದ ಧರ್ಮಗ್ರಂಥವೊಂದು ಒಂದು ಜನಾಂಗದ ನುಡಿಗೆ ಇಳಿದುಬರುವಾಗ ಭಾಷಾಂತರಕಾರನ ಮುಂದೆ ಮೂರು ಮಾರ್ಗಗಳು ತೆರೆದಿರುತ್ತವೆ: ಮೂಲದ ಪದವನ್ನು ಉಚ್ಚಾರಣಮಾತ್ರದಲ್ಲಿ ಬದಲಿಸಿ ಉಳಿಸಿಕೊಳ್ಳುವುದು ಒಂದು, ದೇಶ್ಯಪದಕ್ಕೆ ವಿಶೇಷಣವನ್ನು ತೊಡಿಸಿ ಅದರ ಪೂರ್ವಾರ್ಥವನ್ನು ತಿದ್ದುವುದು ಎರಡು, ಆ ಜನರ ಬಾಳಿನಲ್ಲಿ ಆಗಲೇ ಬೇರೂರಿರುವ ಸಂಸ್ಥೆಯೊಂದರ ಹೆಸರನ್ನು ಇದ್ದಂತೆಯೇ ಎತ್ತಿಕೊಳ್ಳುವುದು ಮೂರು. ಮಧ್ಯ ಆಫ್ರಿಕದ ಚಿಚೇವಾ ಬೈಬಲಿನಲ್ಲಿ ಈ ಮೂರೂ ಮಾರ್ಗಗಳ ಹೆಜ್ಜೆಗುರುತುಗಳಿವೆ. ಅವುಗಳಲ್ಲಿ ಮೂರನೆಯದೇ ಮೂಲದ ಹೃದಯಕ್ಕೆ ಅತ್ಯಂತ ಸಮೀಪ ಹೋಯಿತೆಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಚಿಚೇವಾ ಬಾಂಟು ಪರಿವಾರದ ಭಾಷೆ. ಇದಕ್ಕೆ ಚಿನ್ಯಾಂಜ ಎಂಬ ಹೆಸರೂ ಉಂಟು. ‘ನ್ಯಾಂಜ’ ಎಂದರೆ ಸರೋವರ. ಮಲಾವಿ ದೇಶದಲ್ಲಿ 1968ರಿಂದ ಚಿಚೇವಾ ಎಂಬ ಹೆಸರು ಅಧಿಕೃತವಾಯಿತು. ಜಾಂಬಿಯಾದಲ್ಲಿ ಹಳೆಯ ಹೆಸರೇ ನಿಂತಿದೆ. ಈ ನುಡಿಯ ಮೊದಲ ದೊಡ್ಡ ಪದಸಂಗ್ರಹವು ಮಲಾವಿ ಸರೋವರದ ತೀರದಲ್ಲಲ್ಲ, ಬಹುದೂರದ ಮೊಂಬಾಸದ ಸಮೀಪದಲ್ಲಿ ಆಯಿತೆಂಬುದು ಗಮನಾರ್ಹ. ಅಲ್ಲಿ ಮಿಷನರಿ ಯೊಹಾನೆಸ್ ರೆಬ್ಮನ್ನರು 1853ರಲ್ಲಿ, ಒಳನಾಡಿನಿಂದ ಗುಲಾಮನಾಗಿ ಬಂದಿದ್ದ ಸಲಿಮಿನಿ ಎಂಬಾತನ ಬಾಯಿಂದ ಪದಗಳನ್ನು ಕೇಳಿ ಬರೆದುಕೊಳ್ಳತೊಡಗಿದರು. ಅವರ ನಿಘಂಟು, ಅವರ ಮರಣಾನಂತರ, ಲುಡ್ವಿಗ್ ಕ್ರಾಫ್ ಅವರ ಸಂಪಾದನೆಯಲ್ಲಿ 1877ರಲ್ಲಿ ಅಚ್ಚಾಯಿತು. ಕನ್ನಡ ವಾಚಕರಿಗೆ ಇಲ್ಲಿ ಒಂದು ಸಂಬಂಧ ಕಾಣದಿರದು: ರೆಬ್ಮನ್ನರೂ ಕ್ರಾಫರೂ ವಿದ್ಯಾರ್ಥಿಗಳಾಗಿದ್ದ ಬಾಸೆಲಿನ ಮಿಷನ್ ಶಾಲೆಯಿಂದಲೇ ನಮ್ಮ ಕಿಟ್ಟೆಲರೂ ಬಂದವರು.

ತದನಂತರ ಸರೋವರದ ಸೀಮೆಗೆ ಮಿಷನ್ನುಗಳು ಒಂದರ ಹಿಂದೊಂದು ಬಂದವು. 1875ರಲ್ಲಿ ಕೇಪ್ ಮಕ್ಲಿಯರಿನಲ್ಲಿ ಲಿವಿಂಗ್‌ಸ್ಟೋನಿಯ ಮಿಷನ್ನೂ, 1876ರಲ್ಲಿ ಬ್ಲಾಂಟೈರ್ ಮಿಷನ್ನೂ, 1889ರಲ್ಲಿ ಮ್ವೆರದಲ್ಲಿ ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್‌ಡ್ ಚರ್ಚಿನ ಮಿಷನ್ನೂ ನೆಲೆಯೂರಿದವು. ರಾಬರ್ಟ್ ಲಾಸ್ ಅವರ ಹೊಸ ಒಡಂಬಡಿಕೆ 1886ರಲ್ಲಿ ಪ್ರಕಟವಾಯಿತು. ಬ್ಲಾಂಟೈರಿನ ಡೇವಿಡ್ ಕ್ಲೆಮೆಂಟ್ ಸ್ಕಾಟ್ ಅವರ, ಮಂಗಾಂಜ ಎಂಬ ಉಪಭಾಷೆಯ ವಿಶ್ವಕೋಶಸದೃಶ ನಿಘಂಟು 1892ರಲ್ಲಿ ಹೊರಬಂದಿತು. ಆದರೆ ಒಂದೊಂದು ಮಿಷನ್ನೂ ತನ್ನ ನೆರೆಯ ಉಪಭಾಷೆಯಲ್ಲಿ ಬರೆಯುತ್ತಿದ್ದುದರಿಂದ, ಒಂದೇ ನುಡಿಯ ಜನರಿಗೆ ಬೇರೆ ಬೇರೆ ಗ್ರಂಥಗಳಾಗುವ ಅಪಾಯವಿತ್ತು. ಈ ಭೇದವನ್ನು ಪರಿಹರಿಸಲು ವಿಲಿಯಂ ಮರೆ, ಅಲೆಗ್ಸಾಂಡರ್ ಹೆದರ್‌ವಿಕ್ ಮೊದಲಾದವರು ಸರ್ವಸಾಧಾರಣವಾದ ಭಾಷಾರೂಪವೊಂದನ್ನು ರೂಢಿಗೆ ತಂದುದರ ಫಲವೇ 1922ರ ಸಂಪೂರ್ಣ ಬೈಬಲಾದ ‘ಬುಕು ಲೊಪಾತುಲಿಕ’.

ಮೊದಲ ಮಾರ್ಗಕ್ಕೆ ನಿದರ್ಶನ ದೇವನಾಮ. ಸಾಮಾನ್ಯಾರ್ಥದಲ್ಲಿ ‘ದೇವರು’ ಎಂಬುದಕ್ಕೆ ದೇಶ್ಯವಾದ ‘ಮುಲುಂಗು’ ಪದವನ್ನು ಸ್ವೀಕರಿಸಿದ ಹಳೆಯ ಭಾಷಾಂತರವು, ಹೀಬ್ರೂ ಮೂಲದ ವಿಶೇಷನಾಮವನ್ನು ಮಾತ್ರ ‘ಯೆಹೋವ’ ಎಂದೇ ಉಳಿಸಿಕೊಂಡಿತು. ಮಲಾವಿಯ ಬೈಬಲ್ ಸೊಸೈಟಿ 1998ರಲ್ಲಿ ಪ್ರಕಟಿಸಿದ ‘ಬುಕು ಲೊಯೇರ’ ಎಂಬ ನೂತನ ಭಾಷಾಂತರವು ಅದರ ಸ್ಥಾನದಲ್ಲಿ ‘ಚೌತ’ ಎಂಬ ಹೆಸರನ್ನಿಟ್ಟಿತು. ‘ಉತ’ ಎಂದರೆ ಬಿಲ್ಲು. ಹಿರಿಮೆಯನ್ನು ಸೂಚಿಸುವ ಪೂರ್ವಪ್ರತ್ಯಯ ಸೇರಿ ‘ಮಹಾಧನುಸ್ಸು’ ಎಂಬರ್ಥ ಬರುವುದೆಂದು ಸಾಮಾನ್ಯವಾಗಿ ವಿವರಿಸುವರು. ಮಳೆಯನ್ನು ನಂಬಿ ಬದುಕುವ ಬೇಸಾಯಗಾರರಿಗೆ ಅದು ಮುಗಿಲ ಬಿಲ್ಲಿನ ದೇವರು. ಪರಕೀಯ ನಾಮಕ್ಕೆ ಗಾಂಭೀರ್ಯವಿದ್ದರೂ ನೆನಪುಗಳಿರಲಿಲ್ಲ. ಚೌತನಿಗೆ ನೆನಪುಗಳಿದ್ದವು, ಆದರೆ ಅವು ಮಳೆಯನ್ನು ಬೇಡುವ ಪ್ರಾಚೀನ ಪೂಜಾಸ್ಥಾನಗಳ ನೆನಪುಗಳೂ ಆಗಿದ್ದವು.

ಎರಡನೆಯ ಮಾರ್ಗಕ್ಕೆ ನಿದರ್ಶನ ‘ಮ್ಜಿಮು ವೊಯೇರ’, ಎಂದರೆ ಪವಿತ್ರಾತ್ಮ. ‘ಮ್ಜಿಮು’ ಎಂಬುದು ಪಿತೃಗಳ ಆತ್ಮವನ್ನು ಹೇಳುವ ಪದ; ‘ಕುಯೇರ’ ಎಂದರೆ ಬೆಳ್ಳಗಿರುವುದು, ಶುಭ್ರವಾಗಿರುವುದು. ಆದರೆ ನ್ಸಾಂಜೆ ಸೀಮೆಯ ಮ್ಬೋನ ಪೂಜಾಸ್ಥಾನದಲ್ಲಿ ಮಳೆಗಾಗಿ ಕರಿಯ ಬಟ್ಟೆಯನ್ನು ಅರ್ಪಿಸುವ ಪದ್ಧತಿಯಿರುವುದನ್ನು ನೆನೆದರೆ, ಆ ನಾಡಿನಲ್ಲಿ ಪಾವಿತ್ರ್ಯದ ಬಣ್ಣ ಬಿಳುಪೊಂದೇ ಆಗಿರಲಿಲ್ಲವೆಂಬುದು ಸ್ಪಷ್ಟ. ಇದಕ್ಕಿಂತ ಸೂಕ್ಷ್ಮವಾದುದು ವ್ಯಾಕರಣದ ಪ್ರಶ್ನೆ. ಬಾಂಟು ಭಾಷೆಗಳಲ್ಲಿ ನಾಮಪದಗಳು ವರ್ಗಗಳಾಗಿ ವಿಂಗಡವಾಗಿದ್ದು, ಆಯಾ ವರ್ಗದ ಗುರುತು ಕ್ರಿಯಾಪದದ ಮೇಲೂ ಬೀಳುತ್ತದೆ. ‘ಮುಂಥು’ ಎಂಬ ಮನುಷ್ಯವಾಚಕಕ್ಕೆ ‘ಅಂಥು’ ಬಹುವಚನ. ಮರವನ್ನು ಹೇಳುವ ‘ಮ್ಟೆಂಗೊ’ ಪದಕ್ಕೆ ‘ಮಿಟೆಂಗೊ’. ‘ಮ್ಜಿಮು’ ಪದದ ಬಹುವಚನ ‘ಮಿಜಿಮು’. ಎಂದರೆ ಅದು ಮರದ ವರ್ಗಕ್ಕೆ ಸೇರಿದುದು. ಯೋಹಾನನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಭಾಷಾಂತರಕಾರರು ಈ ಪದಕ್ಕೆ ಮನುಷ್ಯವರ್ಗದ ಕ್ರಿಯಾರೂಪವನ್ನೇ ಹೊಂದಿಸಿ, ಆತ್ಮವನ್ನು ವ್ಯಕ್ತಿಯಾಗಿ ನಿಲ್ಲಿಸಿದರು. ನಪುಂಸಕವಾದ ‘ಆತ್ಮ’ ಶಬ್ದವನ್ನು ಕನ್ನಡದ ಸತ್ಯವೇದವು ‘ಪವಿತ್ರಾತ್ಮನು’ ಎಂದು ಪುಲ್ಲಿಂಗಕ್ಕೆ ತಿರುಗಿಸಿದುದೂ ಇದೇ ಕಾರ್ಯವಷ್ಟೆ.

ಇನ್ನು ಮೂರನೆಯ ಮಾರ್ಗ. ಅದೇ ಅಧ್ಯಾಯದಲ್ಲಿ ಪವಿತ್ರಾತ್ಮನಿಗೆ ಸಲ್ಲುವ ಗ್ರೀಕ್ ಶಬ್ದ ‘ಪರಾಕ್ಲೇತೊಸ್’. ಪಕ್ಕದಲ್ಲಿ ನಿಲ್ಲಲು ಕರೆಯಲ್ಪಟ್ಟವನು, ಪರವಾಗಿ ವಾದಿಸುವವನು, ಸಂತೈಸುವವನು ಎಂಬ ಅರ್ಥಗಳೆಲ್ಲ ಅದರಲ್ಲಿ ಅಡಗಿರುವುದರಿಂದ, ಒಂದೇ ಮಾತಿನಲ್ಲಿ ಅದನ್ನು ಹಿಡಿಯುವುದು ಅನೇಕ ಭಾಷೆಗಳಿಗೆ ದುಷ್ಕರವಾಗಿದೆ. ಚಿಚೇವಾ ಬೈಬಲು ಅದಕ್ಕೆ ‘ನ್ಖೋಸ್ವೆ’ ಎಂದಿತು. ಚೇವಾ ಜನರು ಮಾತೃವಂಶೀಯರು. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಅಲ್ಲಿನ ಸೋದರಮಾವನ ಸ್ಥಾನ ಅಪರಿಚಿತವೆನಿಸದು. ವಿವಾಹಕ್ಕೆ ಹೆಣ್ಣಿನ ಕಡೆಯಿಂದ ಒಬ್ಬ, ಗಂಡಿನ ಕಡೆಯಿಂದ ಒಬ್ಬ ನ್ಖೋಸ್ವೆ ನಿಲ್ಲಲೇಬೇಕು; ಸಾಮಾನ್ಯವಾಗಿ ಆತ ತಾಯಿಯ ಸೋದರ. ಎರಡು ಮನೆಯವರು ಹುಂಜವನ್ನೂ ಹೇಂಟೆಯನ್ನೂ ಕೊಟ್ಟುಕೊಳ್ಳುವ ‘ಚಿನ್ಖೋಸ್ವೆ’ ಸಮಾರಂಭದಲ್ಲಿ ಸಂಬಂಧವು ಬೆಸೆಯುತ್ತದೆ. ನ್ಖೋಸ್ವೆಗಳಿಲ್ಲದ ಕೂಟವನ್ನು ಸಂಪ್ರದಾಯವು ವಿವಾಹವೆಂದೇ ಎಣಿಸದು. ಮುಂದೆ ದಂಪತಿಗಳಲ್ಲಿ ವಿರಸ ಹುಟ್ಟಿದರೆ ಮೊದಲು ದೂರು ಹೋಗುವುದು ನ್ಖೋಸ್ವೆಯ ಬಳಿಗೆ; ವ್ಯಾಜ್ಯವು ಊರ ನಾಯಕನ ನ್ಯಾಯದ ಕಟ್ಟೆಯನ್ನು ಏರಿದರೆ ಅಲ್ಲಿಯೂ ಜೊತೆಯಲ್ಲಿ ನಿಂತು ನುಡಿಯುವವನು ಅವನೇ.

ಗ್ರೀಕ್ ಪದದಲ್ಲಿ ಕೂಡಿಕೊಂಡಿದ್ದ ವಕೀಲಿಕೆ ಮತ್ತು ಸಾಂತ್ವನ ಇಲ್ಲಿ ಒಡೆದು ಎರಡಾಗಲಿಲ್ಲ. ಒಬ್ಬ ಹಿರಿಯನ ಕರ್ತವ್ಯದಲ್ಲಿ ಅವು ಮೊದಲೇ ಒಂದಾಗಿದ್ದವು. ಯೋಹಾನನ ಮೊದಲ ಪತ್ರಿಕೆಯಲ್ಲಿ ಕ್ರಿಸ್ತನನ್ನೇ ಕುರಿತು ಅದೇ ಗ್ರೀಕ್ ಶಬ್ದ ಬಂದಾಗಲೂ ನ್ಖೋಸ್ವೆ ಸಲೀಸಾಗಿ ಒಗ್ಗಿತು. ಮಾನುಷ ನ್ಖೋಸ್ವೆ ಒಂದು ವಂಶದ ಪಕ್ಷಪಾತಿ, ಸುವಾರ್ತೆಯ ಪರಾಕ್ಲೇತನಿಗೆ ಅಂತಹ ಎಲ್ಲೆಯಿಲ್ಲ ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಪದವು ಅರ್ಥವನ್ನು ಪಡೆಯುವುದು ತನ್ನ ಎಲ್ಲೆಯಿಂದಲೂ ಹೌದು: ತನ್ನವನಾಗಿ ಒಬ್ಬನಿರುವನೆಂಬ ಭರವಸೆಯನ್ನು, ಎಲ್ಲರಿಗೂ ಸಮಾನದೂರದಲ್ಲಿರುವ ‘ಸಹಾಯಕ’ ಎಂಬ ಮಾತು ಕೊಡಲಾರದು.

ಆ ಭರವಸೆಯ ಬೆಲೆಯನ್ನು ಅರಿಯಲು ಮತ್ತೆ ಮೊಂಬಾಸಕ್ಕೆ ಹಿಂದಿರುಗಬೇಕು. ಮಾತೃವಂಶದ ನಾಡಿನಲ್ಲಿ ಹಿಡಿದು ಮಾರಲ್ಪಟ್ಟವನು ನೆಲವನ್ನು ಮಾತ್ರವಲ್ಲದೆ ತನ್ನ ಪರವಾಗಿ ನುಡಿಯುವ ಸೋದರಮಾವನನ್ನೂ ಕಳೆದುಕೊಳ್ಳುತ್ತಾನೆ; ಗುಲಾಮನೆಂದರೆ ನ್ಖೋಸ್ವೆ ಇಲ್ಲದವನು. ಯಾವ ಅಧ್ಯಾಯದಲ್ಲಿ ಶಿಷ್ಯರನ್ನು ಅನಾಥರಾಗಿ ಬಿಡೆನೆಂಬ ವಾಗ್ದಾನವಿದೆಯೋ, ಅದೇ ಅಧ್ಯಾಯದಲ್ಲಿ ಈ ಪದ ನೆಲೆಗೊಂಡಿತು. ಪರದೇಶದಲ್ಲಿ ಒಬ್ಬಂಟಿಯಾಗಿ ಕುಳಿತು ತನ್ನ ನುಡಿಯನ್ನು ಪದಪದವಾಗಿ ಒಪ್ಪಿಸಿದ ಸಲಿಮಿನಿಯ ಭಾಷೆಯಲ್ಲಿ ಆ ವಾಗ್ದಾನಕ್ಕೆ ಬೇಕಾದ ಹೆಸರು ಮೊದಲಿನಿಂದಲೂ ಇದ್ದಿತು.