ಎರಡನೆಯ ಬರೋಣ ಮತ್ತು ಎಚ್ಚರದ ರಾತ್ರಿ: ತುಮಕೂರು ಸೀಮೆಯ ಸಭೆಗಳ ಒಂದು ರೂಢಿ

ಯೇಸು ಕ್ರಿಸ್ತನು ಮತ್ತೆ ಬರುತ್ತಾನೆ, ಆ ದಿನಕ್ಕೆ ಎಚ್ಚರವಾಗಿರಬೇಕು ಎಂಬ ನಂಬಿಕೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬೇರೂರಿದ್ದು ವೆಸ್ಲಿಯನ್ ಮಿಷನ್ನಿನ ಕಾಲದಲ್ಲಿ. ಬೆಂಗಳೂರಿನಲ್ಲಿ ಮೊದಲೇ ನೆಲೆಯೂರಿದ್ದ ಈ ಮೆಥಡಿಸ್ಟ್ ಮಿಷನ್, 1837ರಲ್ಲಿ ಥಾಮಸ್ ಹಾಡ್ಸನ್ ಅವರ ಮೂಲಕ ಗುಬ್ಬಿಯಲ್ಲಿ ಕೆಲಸ ಆರಂಭಿಸಿತು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಅವರಿಗೆ ಇಪ್ಪತ್ತು ವರ್ಷ. ಕಣ್ಣಿನ ತೊಂದರೆಯಿಂದ ಅವರು 1841ರಲ್ಲೇ ಇಂಗ್ಲೆಂಡಿಗೆ ಮರಳಬೇಕಾಯಿತು. ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಬರೆದರು.

1837 ಎಂಬ ಇಸವಿಗೆ ಇಲ್ಲಿ ಬೇರೆ ಮಹತ್ವವೂ ಇದೆ. ಜರ್ಮನಿಯ ವುರ್ಟೆಂಬರ್ಗಿನ ದೇವಶಾಸ್ತ್ರಜ್ಞ ಯೋಹಾನ್ ಬೆಂಗೆಲ್, ಬೈಬಲಿನ ಪ್ರಕಟನೆ ಗ್ರಂಥದ ಅಂಕಿಗಳನ್ನು ಲೆಕ್ಕಹಾಕಿ, ಲೋಕದ ದೊಡ್ಡ ತಿರುವು 1836ರಲ್ಲಿ ಬರುವುದೆಂದು ಹೇಳಿದ್ದರು. ಮೆಥಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ 1755ರ ತಮ್ಮ ಹೊಸ ಒಡಂಬಡಿಕೆಯ ಟಿಪ್ಪಣಿಗಳಲ್ಲಿ ಪ್ರಕಟನೆಯ ಭಾಗಕ್ಕೆ ಬೆಂಗೆಲ್ ಅವರನ್ನೇ ನೆಚ್ಚಿಕೊಂಡರೂ ಅವರ ಲೆಕ್ಕಕ್ಕೆ ತಾವು ಹೊಣೆಯಾಗಲಿಲ್ಲ. 1836 ಬಂದು ಹೋಯಿತು. ಮರುವರ್ಷ ಗುಬ್ಬಿಗೆ ಬಂದ ವೆಸ್ಲಿಯನ್ನರು ತಂದದ್ದು ದಿನಾಂಕವನ್ನಲ್ಲ, ಒಂದು ಶಿಸ್ತನ್ನು. ಈ ನಂಬಿಕೆ ಇಲ್ಲಿ ಇಷ್ಟು ಕಾಲ ಬಾಳಿದ್ದಕ್ಕೆ ಅದೇ ಮುಖ್ಯ ಕಾರಣ.

ಈಗಲೇ ನೆರವೇರೀತೆಂಬ ನಿರೀಕ್ಷೆ ಎಷ್ಟು ಬೇಗ ಸೊರಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ವೀರ ವಸಂತರಾಯ ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂಬ ಕಾಲಜ್ಞಾನದ, ಅಂದರೆ ಭವಿಷ್ಯವಾಣಿಯ, ಮಾತು ಕನ್ನಡ ನಾಡಿನಲ್ಲಿ ಹಳೆಯದು. ಅದನ್ನು ನಂಬಿದ ಧಾರವಾಡ ಸೀಮೆಯ ಕಾಲಜ್ಞಾನಿಗಳು ಬಾಸೆಲ್ ಮಿಷನ್ನಿನವರಲ್ಲಿ ಆಸಕ್ತಿ ತೋರಿದಾಗ, ಈ ಕಾಲಜ್ಞಾನಿಗಳು ಗುಂಪಾಗಿ ಸಭೆಗೆ ಸೇರುವರೆಂದು ಎಣಿಸಿದ ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ಗದಗಿನ ಬಳಿಯ ಮಲಸಮುದ್ರದಲ್ಲಿ ಒಂದು ವಸಾಹತನ್ನೇ ತೆರೆದರು. ನಿರೀಕ್ಷಿಸಿದ ಜನ ಬರಲಿಲ್ಲ. ವಸಾಹತೂ ಬಹುಕಾಲ ಉಳಿಯಲಿಲ್ಲ.

ವೆಸ್ಲಿಯನ್ನರ ಶಿಸ್ತಿನ ತಿರುಳು ‘ವಾಚ್‌ನೈಟ್’. ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಕಾರರು ಹಿಂದೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ಶನಿವಾರದ ರಾತ್ರಿಯನ್ನು ಪ್ರಾರ್ಥನೆಗೆ ಮೀಸಲಿಟ್ಟರು. ಅದನ್ನು ಮೆಚ್ಚಿದ ವೆಸ್ಲಿ 1742ರಲ್ಲಿ ಲಂಡನ್ನಿನಲ್ಲೂ ಆರಂಭಿಸಿದರು. ಮೊದಮೊದಲು ಅದು ಹುಣ್ಣಿಮೆಯ ಆಸುಪಾಸಿನ ಶುಕ್ರವಾರಗಳಂದು ನಡೆಯುತ್ತಿತ್ತು, ಜನ ಬೆಳದಿಂಗಳಲ್ಲಿ ಮನೆ ಸೇರಲಿ ಎಂದು. ಆಮೇಲೆ ವರ್ಷದ ಕೊನೆಯ ರಾತ್ರಿಗೆ ನಿಂತಿತು. ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಜನರಿಗೆ ಇಡೀ ರಾತ್ರಿ ಎಚ್ಚರವಿರುವುದು ಹೊಸದೇನಲ್ಲ. ಊರಿನ ಪಕ್ಕದ ಸಿದ್ಧಗಂಗೆಯ ಜಾತ್ರೆ ನೆರೆಯುವುದೇ ಜಾಗರಣೆಯ ಮಹಾಶಿವರಾತ್ರಿಯ ಹೊತ್ತಿಗೆ. ಆದರೆ ವಾಚ್‌ನೈಟ್‌ನ ಎಚ್ಚರಕ್ಕೆ ಆಧಾರ ಮತ್ತಾಯನ ಸುವಾರ್ತೆಯ ಹತ್ತು ಮಂದಿ ಕನ್ಯೆಯರ ಸಾಮ್ಯ: ಮದಲಿಂಗ ತಡಮಾಡಿದಾಗ ದೀಪದ ಎಣ್ಣೆ ಯಾರ ಬಳಿ ಉಳಿದಿತ್ತೆಂಬ ಕಥೆ.

ಡಿಸೆಂಬರ್ 31ರ ಈ ಆರಾಧನೆ ಇಂದಿಗೂ ತಪ್ಪುವುದಿಲ್ಲ. ರಾತ್ರಿ ಹತ್ತರ ಸುಮಾರಿಗೆ ಹಾಡುಗಳಿಂದ ಆರಂಭವಾಗುತ್ತದೆ. ಆ ವರ್ಷ ಕಾಯಿಲೆಯಿಂದ ಎದ್ದವರು, ಮನೆಯವರನ್ನು ಕಳೆದುಕೊಂಡವರು ಮುಂದೆ ಬಂದು ಸಾಕ್ಷಿ ಹೇಳುತ್ತಾರೆ. ಪ್ರಸಂಗ ಮುಗಿದು ಹನ್ನೆರಡಕ್ಕೆ ಕೆಲವು ನಿಮಿಷ ಇರುವಾಗ ಸಭೆಯೆಲ್ಲ ಮೊಣಕಾಲೂರಿ ಪಾಪ ಅರಿಕೆ ಮಾಡುತ್ತದೆ. ಗಂಟೆ ಬಾರಿಸಿದ ಮೇಲೆ ಎದ್ದು ಒಬ್ಬರಿಗೊಬ್ಬರು ಕೈಕುಲುಕುತ್ತಾರೆ. ಬಳಿಕ ಹೊಸ ವರ್ಷದ ವಾಗ್ದಾನದ ವಚನವಿರುವ ಚೀಟಿಯನ್ನು ಮನೆಗೊಯ್ದು ಗೋಡೆಗೆ ಅಂಟಿಸುವುದುಂಟು.

1876–78ರ ಬರದ ಅನಾಥ ಮಕ್ಕಳ ನಡುವೆಯೂ ಬರೋಣದ ಈ ನಿರೀಕ್ಷೆಗೆ ಕೆಲಸವಿತ್ತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಿಷನ್ ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ನಡೆಸಿತು. ಸತ್ತವರನ್ನು ‘ಕರ್ತನಲ್ಲಿ ನಿದ್ರೆಹೋದವರು’ ಎಂದು ಕರೆಯುವ ಸಭೆಗಳಲ್ಲಿ, ಮತ್ತೆ ಏಳುವ ದಿನದ ಮಾತು ತಂದೆತಾಯಿ ಇಲ್ಲದ ಮಗುವಿಗೆ ಬರಿಯ ಸಿದ್ಧಾಂತವಾಗಿ ಕೇಳಿಸಿರಲಾರದು.

1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ದಕ್ಷಿಣ ಭಾರತ ಸಭೆ ಆಯಿತು. 1950ರಲ್ಲಿ ಅದು ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ, ಕರ್ತನ ಮರಣ, ಪುನರುತ್ಥಾನ, ಎರಡನೆಯ ಬರೋಣ ಮೂರನ್ನೂ ಸಭೆಯೇ ಬಾಯಿಬಿಟ್ಟು ಒಪ್ಪಿಕೊಳ್ಳುವ ಮಾತನ್ನು ಸಿರಿಯನ್ ಆರಾಧನಾ ಕ್ರಮದಿಂದ ಸೇರಿಸಲಾಯಿತು. ಹೀಗೆ ವರ್ಷಕ್ಕೊಮ್ಮೆಯ ಕಾಯುವಿಕೆ ಪ್ರತಿ ಕರ್ತನ ಭೋಜನದ ಭಾಗವಾಯಿತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವೂ ಆಂಗ್ಲಿಕನ್ನರ ಜೊತೆಗೂಡಿದ ಮೇಲೆ ಹೆಚ್ಚು ಗಟ್ಟಿಯಾಯಿತು. ಈಚಿನ ದಶಕಗಳಲ್ಲಿ ಬೆಳೆದ ಪೆಂಟೆಕೊಸ್ಟಲ್ ಸಭೆಗಳು ಬರೋಣವನ್ನು ತೀರಾ ಹತ್ತಿರದ್ದೆಂದು ಸಾರುತ್ತವೆ. ವರ್ಷದ ಕೊನೆಯ ರಾತ್ರಿಯ ಕೂಟವನ್ನು ಅವೂ ನಡೆಸುತ್ತವೆ.