ಭಯದಿಂದ ಚಿಂತೆಗೆ: ಮಹಾಮಾರಿಯ ಕಾಲದ ವಿದ್ಯಾರ್ಥಿ ಮನಸ್ಸು — ಹೈದರಾಬಾದಿನ ಒಂದು ನಿದರ್ಶನ

1

ಹೈದರಾಬಾದಿನ ವಾಯವ್ಯ ಭಾಗದಲ್ಲಿರುವ ಮಿಯಾಪುರವು ಕನ್ನಡ ನಾಡಿನ ಈಶಾನ್ಯ ಜಿಲ್ಲೆಗಳಿಂದ ಬರುವವರಿಗೆ ಆ ಮಹಾನಗರದ ಬಾಗಿಲುಗಳಲ್ಲೊಂದು. ಪುಣೆಯಿಂದ ಮಚಲೀಪಟ್ಟಣಕ್ಕೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿಗಳನ್ನು ದಾಟಿ ಈ ಮಾರ್ಗವಾಗಿಯೇ ನಗರವನ್ನು ಪ್ರವೇಶಿಸುತ್ತದೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆದ್ದರಿಂದ ಓದಿಗಾಗಿ ಹೈದರಾಬಾದಿಗೆ ಹೋಗುವುದು ಆ ಭಾಗದ ಕನ್ನಡಿಗರಿಗೆ ಇಂದು ನಿನ್ನೆಯ ರೂಢಿಯಲ್ಲ. ರಾಜ್ಯಗಳು ಬೇರೆಯಾದ ಮೇಲೂ ಆ ದಾರಿ ಮುಚ್ಚಲಿಲ್ಲ. 2017ರ ನವೆಂಬರ್ 28ರಂದು ಮೆಟ್ರೊ ರೈಲು ಮಿಯಾಪುರದಲ್ಲಿ ಉದ್ಘಾಟನೆಗೊಂಡ ತರುವಾಯ, ಇಲ್ಲಿಂದ ಕೂಕಟಪಲ್ಲಿ, ಅಮೀರ್‌ಪೇಟೆಗಳ ವರೆಗಿನ ಹಾಸ್ಟೆಲುಗಳಲ್ಲಿ ತಂಗಿ ಓದುವುದು, ತರಬೇತಿ ಪಡೆಯುವುದು ಇನ್ನಷ್ಟು ಸುಲಭವಾಯಿತು.

ಈ ತರುಣರ ಭಯ ಮತ್ತು ಆತಂಕಗಳು 2020ರ ಮಾರ್ಚ್ ತಿಂಗಳಿಂದ 2022ರ ಆರಂಭದ ವರೆಗೆ ಹೇಗೆ ರೂಪಾಂತರ ಹೊಂದಿದವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮಗಿರುವ ಆಧಾರಗಳು ಎರಡು. ಮೊದಲನೆಯದು ಆ ಕಾಲದ ಸಾರ್ವಜನಿಕ ಘಟನಾವಳಿ. ಎರಡನೆಯದು, ನಮ್ಮಲ್ಲಿ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು ಆಗ ಮೊಬೈಲಿನ ಮೂಲಕ ನಮಗೆ ಬರೆದ, ನಾವು ಅಳಿಸದೆ ಉಳಿಸಿಕೊಂಡ ಸಂದೇಶಗಳು. ಇವು ಸಂಖ್ಯೆಯಲ್ಲಿ ಅಲ್ಪ. ಇವುಗಳಿಂದ ಸಾರ್ವತ್ರಿಕ ನಿರ್ಣಯವನ್ನು ಹೊರಡಿಸುವುದು ಸಾಧುವಲ್ಲ. ಆದರೆ ಪ್ರತಿಯೊಂದಕ್ಕೂ ತಾರೀಖು, ಗಳಿಗೆಗಳು ಇರುವುದರಿಂದ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಿದಾಗ ಬದಲಾವಣೆಯ ಒಂದು ಕ್ರಮವು ಗೋಚರಿಸುತ್ತದೆ.

2

ಭಯ ಮತ್ತು ಆತಂಕಗಳನ್ನು ನಾವು ದಿನದ ಮಾತಿನಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ನಮ್ಮ ಆಲಂಕಾರಿಕರು ಹಾಗೆ ಬಳಸಲಿಲ್ಲ. ಅವರ ಗಣನೆಯಲ್ಲಿ ಭಯವು ಸ್ಥಾಯಿಭಾವ. ಭಯಾನಕ ರಸಕ್ಕೆ ಅದೇ ಮೂಲ. ಶಂಕೆ, ತ್ರಾಸ, ಚಿಂತೆ, ದೈನ್ಯ, ವಿಷಾದಗಳು ಮೂವತ್ತಮೂರು ಸಂಚಾರಿಭಾವಗಳಲ್ಲಿ ಸೇರುತ್ತವೆ. ಬಂದು ಹೋಗುವುದು ಅವುಗಳ ಲಕ್ಷಣ. ವ್ಯಾಧಿಯೂ ಅದೇ ಪಟ್ಟಿಯಲ್ಲಿರುವುದು ಗಮನಾರ್ಹ. ಅವಹಿತ್ಥವೆಂಬ ಇನ್ನೊಂದು ಸಂಚಾರಿಯಿದೆ. ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಗೊಡದೆ ಮರೆಮಾಚುವುದೇ ಅದು. ರಂಗಭೂಮಿಗಾಗಿ ರೂಪಿಸಿದ ಈ ಪರಿಭಾಷೆಯನ್ನು ಇತಿಹಾಸಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು ಎಂಬ ಎಚ್ಚರ ನಮಗಿದೆ. ಆದರೂ ಭಯಕ್ಕೆ ಎದುರಿಗೊಂದು ವಸ್ತು ಬೇಕು, ಚಿಂತೆಗೆ ಅದು ಬೇಕಿಲ್ಲ ಎಂಬ ವ್ಯತ್ಯಾಸವನ್ನು ಗುರುತಿಸಲು ಈ ಹೆಸರುಗಳು ನೆರವಾಗುತ್ತವೆ.

3

ಹೈದರಾಬಾದಿಗೆ ಸಾಂಕ್ರಾಮಿಕಗಳ ನೆನಪು ಹೊಸದಲ್ಲ. ನಲ್ಲಕುಂಟದಲ್ಲಿರುವ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಸರ್ ರೊನಾಲ್ಡ್ ರಾಸ್ ಅವರ ಹೆಸರಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ 'ಕೋರಂಟಿ ದವಾಖಾನೆ'. ಕ್ವಾರಂಟೈನ್ ಎಂಬ ಪದವೇ ಜನರ ನಾಲಗೆಯಲ್ಲಿ ಸವೆದು ಕೋರಂಟಿಯಾಗಿದೆ. 2020ರಲ್ಲಿ ಹೊಸದೆಂಬಂತೆ ಕೇಳಿಬಂದ ಪದವೊಂದು ಈ ನಗರದಲ್ಲಿ ಅದಾಗಲೇ ಹಳೆಯದಾಗಿತ್ತು.

ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪನೆಯಾದುದು 1918ರಲ್ಲಿ. ಇನ್‌ಫ್ಲುಯೆಂಜಾ ದೇಶವನ್ನೆಲ್ಲ ವ್ಯಾಪಿಸಿದುದೂ ಅದೇ ವರ್ಷ. ಆ ರೋಗದಿಂದ ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾಗಿ ಜನ ಸತ್ತರೆಂಬುದು ಅಂಗೀಕೃತ ಅಂದಾಜು. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ಹರೆಯದವರನ್ನು ವಿಶೇಷವಾಗಿ ಬಲಿ ತೆಗೆದುಕೊಂಡದ್ದು ಆ ರೋಗದ ಕ್ರೂರ ವೈಶಿಷ್ಟ್ಯ. ಅಂದಿನ ವಿದ್ಯಾರ್ಥಿಗೆ ತನ್ನ ಜೀವಕ್ಕಾಗಿಯೇ ಅಂಜಲು ಕಾರಣವಿತ್ತು. ಆದರೆ ಅವನು ಅಂಜಿದ ಬಗೆಯನ್ನು ಅರಿಯಲು ಅವನದೇ ಮಾತುಗಳು ನಮ್ಮ ಕೈಗೆ ಸಿಗುವುದು ತೀರ ವಿರಳ. ಅಧಿಕಾರಿಗಳು ಬರೆದಿಟ್ಟ ಸಾವಿನ ಲೆಕ್ಕಗಳಿವೆ. ಹಾಸ್ಟೆಲಿನ ಕೋಣೆಯ ಮಾತು ದಾಖಲಾಗಿಲ್ಲ.

ಪ್ಲೇಗಿನ ಸಂಗತಿ ತುಸು ಭಿನ್ನ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಬೆಂಗಳೂರನ್ನು ಮುಟ್ಟಿತು. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ (1965) ವರೆಗೂ ಅದರ ನೆರಳು ನಮ್ಮ ಸಾಹಿತ್ಯದ ಮೇಲೆ ಚಾಚಿದೆ. ಇಲಿ ಬಿದ್ದೊಡನೆ ಊರಿಗೆ ಊರೇ ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರೂಢಿಯಾಗಿತ್ತು. ಅಲ್ಲಿ ಭಯವು ಮನೆಯನ್ನು ಬಿಡಿಸಿತು, ಮನೆಯವರನ್ನು ಬಿಡಿಸಲಿಲ್ಲ. 2020ರಲ್ಲಿ ನಡೆದುದು ಇದರ ವಿಪರ್ಯಾಸ. ಇದ್ದಲ್ಲಿಯೇ ಇರಬೇಕೆಂಬುದು ಆಜ್ಞೆ. ಇದ್ದ ಸ್ಥಳವಾದರೋ ಮನೆಯಲ್ಲ, ಬಾಡಿಗೆಯ ಹಾಸಿಗೆ.

4

ಭಾರತದಲ್ಲಿ ಪತ್ತೆಯಾದ ಮೊದಲ ಕೋವಿಡ್ ರೋಗಿಯು ವೂಹಾನಿನಿಂದ ಕೇರಳಕ್ಕೆ ಮರಳಿದ್ದ ಒಬ್ಬ ವೈದ್ಯವಿದ್ಯಾರ್ಥಿನಿ. ತಾರೀಖು 2020ರ ಜನವರಿ 30. ದೇಶದ ಮೊದಲ ಕೋವಿಡ್ ಮರಣವು ನಾವು ಹೇಳುತ್ತಿರುವ ಈ ದಾರಿಯ ಮೇಲೆಯೇ ಸಂಭವಿಸಿತು. ಕಲಬುರಗಿಯ 76 ವರ್ಷದ ವೃದ್ಧರೊಬ್ಬರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆತಂದು ಊರಿಗೆ ಹಿಂದಿರುಗಿಸುತ್ತಿದ್ದಾಗ, ಮಾರ್ಚ್ 10ರಂದು ಅವರು ತೀರಿಕೊಂಡರು. ರೋಗವು ದೃಢಪಟ್ಟಿತೆಂದು ಎರಡು ದಿನಗಳ ಮೇಲೆ ಪ್ರಕಟವಾಯಿತು. ಅಲ್ಲಿಯ ವರೆಗೆ ಕೊರೊನಾ ಎಂಬುದು ನಮ್ಮ ವಿದ್ಯಾರ್ಥಿಗಳ ಸಂದೇಶಗಳಲ್ಲಿ ನಗೆಯ ವಸ್ತುವಾಗಿತ್ತು. ಮಾರ್ಚ್ 12ರ ರಾತ್ರಿ ನಗೆ ನಿಂತಿತು. ತಮ್ಮ ಊರು ಮತ್ತು ತಾವಿರುವ ನಗರ, ಇವೆರಡರ ನಡುವಿನ ಪರಿಚಿತ ಹಾದಿಯೇ ಸುದ್ದಿಯಾದಾಗ ಭಯಕ್ಕೆ ಒಂದು ವಸ್ತು ಸಿಕ್ಕಿತು.

ಮಾರ್ಚ್ 22ರ ಜನತಾ ಕರ್ಫ್ಯೂವಿನಂದು ಮೆಟ್ರೊ ನಿಂತಿತು. ಅಂತರರಾಜ್ಯ ಬಸ್ಸುಗಳು ನಿಂತವು. 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಅದೇ ದಿನ ಹೈದರಾಬಾದಿನಲ್ಲಿ ನಡೆದ ಘಟನೆಯನ್ನು ಇತಿಹಾಸಕಾರರು ಮರೆಯಲಾಗದು. ಹಾಸ್ಟೆಲುಗಳ ಒಡೆಯರು ಹಲವೆಡೆ ಕೋಣೆಗಳನ್ನು ತೆರವು ಮಾಡುವಂತೆ ಹೇಳಿದರು. ವಿದ್ಯಾರ್ಥಿಗಳು, ಉದ್ಯೋಗಾಕಾಂಕ್ಷಿಗಳು ಊರಿಗೆ ತೆರಳುವ ಪಾಸಿಗಾಗಿ ಪೊಲೀಸ್ ಠಾಣೆಗಳ ಮುಂದೆ ಸಾಲುಗಟ್ಟಿದರು. ಪಾಸು ಪಡೆದು ವಿಜಯವಾಡದ ಹೆದ್ದಾರಿಯಲ್ಲಿ ಹೊರಟವರನ್ನು ಆಂಧ್ರದ ಗಡಿಯಲ್ಲಿ ತಡೆಯಲಾಯಿತು. ಅನಂತರ ತೆಲಂಗಾಣ ಸರ್ಕಾರವು ಹಾಸ್ಟೆಲುಗಳನ್ನು ಮುಚ್ಚಬಾರದೆಂದು ಸೂಚಿಸಿತು. ಪಾಸು ನೀಡಿಕೆ ನಿಂತಿತು. ಗುಂಪು ಸೇರಬಾರದೆಂಬ ಆಜ್ಞೆಯು ಜಾರಿಗೆ ಬಂದ ದಿನವೇ ಗುಂಪು ಸೇರದೆ ಗತ್ಯಂತರವಿಲ್ಲದ ಸ್ಥಿತಿ ತರುಣರಿಗೆ ಒದಗಿತು.

ಆ ವಾರದ ಸಂದೇಶಗಳಲ್ಲಿ ರೋಗದ ಹೆಸರು ವಿರಳ. "ಸರ್, ಜಹೀರಾಬಾದ್ ತನಕ ಯಾವುದಾದರೂ ಗಾಡಿ ಸಿಗಬಹುದೆ?" "ಮೆಸ್ ಮುಚ್ಚಿದ್ದಾರೆ." "ಕೋಣೆಯಲ್ಲಿ ಮೂವರಿದ್ದೆವು, ಈಗ ನಾನೊಬ್ಬನೆ." ಬಸವಕಲ್ಯಾಣದ ಕಡೆಯ ವಿದ್ಯಾರ್ಥಿಯೊಬ್ಬನು ಮಿಯಾಪುರದ ಹಾಸ್ಟೆಲಿನಲ್ಲಿ ಉಳಿದುಬಿಟ್ಟಿದ್ದನು. ಪ್ರತಿ ಸಂಜೆ ತಾಯಿಗೆ ಫೋನು ಮಾಡಿ "ಆರಾಮ ಅದೀನವ್ವ" ಎಂದು ಹೇಳಿ, ಆಮೇಲೆ ನಮಗೆ ನಿದ್ರೆ ಬರುತ್ತಿಲ್ಲವೆಂದು ಬರೆಯುತ್ತಿದ್ದನು. ಅವಹಿತ್ಥಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷ್ಯವನ್ನು ನಾವು ಕಾವ್ಯದಲ್ಲಿ ಕಂಡಿಲ್ಲ.

ಮೇ ತಿಂಗಳಲ್ಲಿ ಸಂಚಾರಕ್ಕೆ ಅನುಮತಿ ದೊರೆಯತೊಡಗಿದಾಗ ಭಯದ ಮುಖ ಇನ್ನೊಮ್ಮೆ ತಿರುಗಿತು. ಊರಿಗೆ ಹೋಗಲಾಗದೆಂದು ಕಳವಳಿಸಿದ್ದವನೇ ಹೋಗಬಹುದೋ ಬಾರದೋ ಎಂದು ಕೇಳಿದನು, ಮನೆಯಲ್ಲಿ ಅಜ್ಜಿಯಿದ್ದಳು. 1918ರ ರೋಗವು ತರುಣರನ್ನು ಅರಸಿ ಬಂದರೆ ಇದು ಹಿರಿಯರಿಗೆ ಹೆಚ್ಚು ಮಾರಕವಾಗಿತ್ತು. ತರುಣನ ಭಯವು ತನ್ನ ಸಾವನ್ನು ಕುರಿತದ್ದಾಗಿರದೆ, ತಾನು ಸಾವನ್ನು ಹೊತ್ತೊಯ್ಯುವವನಾಗಬಹುದೆಂಬ ಶಂಕೆಯಾಯಿತು. ಎರಡು ಮಹಾಮಾರಿಗಳ ನಡುವಣ ಬಹುಮುಖ್ಯವಾದ ಭೇದವಿದು.

5

ಜೂನ್ ತಿಂಗಳಿಂದ ಮುಂದಕ್ಕೆ ಸಂದೇಶಗಳಲ್ಲಿ ಪರೀಕ್ಷೆಯೆಂಬ ಪದವೇ ಪ್ರಧಾನ. ತೆಲಂಗಾಣದ ಹತ್ತನೆಯ ತರಗತಿಯ ಪರೀಕ್ಷೆಗಳು ಮಾರ್ಚ್ 19ರಂದು ಆರಂಭವಾಗಿ, ಹೈಕೋರ್ಟಿನ ಆದೇಶದಂತೆ ನಡುವೆಯೇ ನಿಂತಿದ್ದವು. ಜೂನ್ 8ರಂದು ಅವುಗಳನ್ನು ರದ್ದುಗೊಳಿಸಿ, 5.34 ಲಕ್ಷ ವಿದ್ಯಾರ್ಥಿಗಳನ್ನು ಆಂತರಿಕ ಅಂಕಗಳ ಆಧಾರದಿಂದ ತೇರ್ಗಡೆ ಮಾಡಲಾಯಿತು. ಕರ್ನಾಟಕದಲ್ಲಿಯಾದರೋ ಎಸ್ಸೆಸ್ಸೆಲ್ಸಿ ಪರೀಕ್ಷೆಯು ಜೂನ್ 25ರಿಂದ ಜುಲೈ 4ರ ವರೆಗೆ ನಡೆಯಿತು. ನೋಂದಾಯಿಸಿಕೊಂಡವರು ಎಂಟು ಲಕ್ಷಕ್ಕೂ ಹೆಚ್ಚು. ಒಂದೇ ಹೆದ್ದಾರಿಯ ಎರಡು ಬದಿಗಳಲ್ಲಿ ಒಂದೇ ವಯಸ್ಸಿನ ಮಕ್ಕಳು. ಒಬ್ಬರು ಮುಖಗವಸು ಧರಿಸಿ ಪರೀಕ್ಷಾ ಕೊಠಡಿಗೆ ಹೋಗಬೇಕಾದ ಭಯವನ್ನು ಅನುಭವಿಸಿದರು. ಇನ್ನೊಬ್ಬರು ಬರೆಯದ ಪರೀಕ್ಷೆಯ ಅಂಕಗಳನ್ನು ನಾಳೆ ಯಾರಾದರೂ ನಂಬುವರೇ ಎಂಬ ಚಿಂತೆಯನ್ನು ಪಡೆದರು. ಈ ಎರಡರಲ್ಲಿ ಯಾವುದು ಮೇಲೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಮೊದಲನೆಯದು ಜುಲೈ 4ರಂದು ಮುಗಿಯಿತು, ಎರಡನೆಯದಕ್ಕೆ ಅಂಥದೊಂದು ತಾರೀಖು ಇರಲಿಲ್ಲ.

ಪದವಿಯ ಕೊನೆಯ ವರ್ಷದವರ ಸ್ಥಿತಿ ಹೀಗೆಯೇ ತೂಗುಯ್ಯಾಲೆಯಲ್ಲಿತ್ತು. ಸೆಪ್ಟೆಂಬರ್ ಅಂತ್ಯದೊಳಗೆ ಪರೀಕ್ಷೆ ನಡೆಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಜುಲೈ 6ರಂದು ಸೂಚಿಸಿತು. ಸುಪ್ರೀಂ ಕೋರ್ಟು ಆಗಸ್ಟ್ 28ರಂದು ಅದನ್ನು ಎತ್ತಿಹಿಡಿಯಿತು. ಈ ನಡುವೆ ಜುಲೈ 21ರಂದು ಕೇಂದ್ರ ಸರ್ಕಾರವು ವಿದ್ಯಾರ್ಥಿಗಳ ಮನಃಸ್ವಾಸ್ಥ್ಯಕ್ಕಾಗಿ 'ಮನೋದರ್ಪಣ'ವೆಂಬ ಕಾರ್ಯಕ್ರಮವನ್ನು ಆರಂಭಿಸಿತು. ವಿದ್ಯಾರ್ಥಿಯ ಆತಂಕವು ಆಡಳಿತದ ಕಡತದಲ್ಲಿ ಸ್ಥಾನ ಪಡೆಯಿತೆಂಬುದೇ 1918ಕ್ಕೆ ಹೋಲಿಸಿದಾಗ ಹೊಸ ಸಂಗತಿ.

ಆ ಆಗಸ್ಟಿನಲ್ಲಿ ನಾವು ಆನ್‌ಲೈನ್ ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ'ಯನ್ನು (1209) ಓದಿಸುತ್ತಿದ್ದೆವು. ಚಂಡಮಾರಿಯ ಗುಡಿಗೆ ಬಲಿಗಾಗಿ ತರಲ್ಪಟ್ಟ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು ಸುದತ್ತಾಚಾರ್ಯರ ಶಿಷ್ಯರು. ಅಂದರೆ ಅವರೂ ವಿದ್ಯಾರ್ಥಿಗಳೇ. ಬಸವಕಲ್ಯಾಣದ ಕಡೆಯ ಆ ಹುಡುಗನು ಊರಿನ ಮಾಳಿಗೆಯ ಮೇಲೆ ಕುಳಿತು ಕೇಳಿದ ಪ್ರಶ್ನೆ ಇದು: "ಸರ್, ಅವರಿಗೆ ಭಯವೇ ಇರದಿದ್ದರೆ ಅಣ್ಣ ತಂಗಿಗೆ ಧೈರ್ಯ ಹೇಳುವ ಅಗತ್ಯವೇನಿತ್ತು?" ಮೂವತ್ತು ವರ್ಷ ಈ ಕಾವ್ಯವನ್ನು ಓದಿಯೂ ನಾವು ಹಾಗೆ ಕೇಳಿಕೊಂಡಿರಲಿಲ್ಲ. ಅಭಯವೆಂದರೆ ಭಯದ ಅಭಾವವೆಂದು ನಾವು ಪಾಠ ಹೇಳುತ್ತ ಬಂದಿದ್ದೆವು. ಎದುರಿಗಿರುವವರ ಭಯವನ್ನು ಮೊದಲು ವಿಚಾರಿಸುವುದೂ ಅಭಯವೇ ಎಂದು ಅಂದು ನಮಗೆ ಹೊಳೆಯಿತು.

6

2021ರ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಭಯವು ಮತ್ತೆ ಬಂದಿತು. ಈ ಬಾರಿ ಅದು ಮನೆಯೊಳಗಿತ್ತು. ಸಂದೇಶಗಳು ಚಿಕ್ಕದಾದವು. ಆಕ್ಸಿಜನ್, ಹಾಸಿಗೆ ಎಂಬ ಎರಡು ಪದಗಳು ಪದೇ ಪದೇ ಕಾಣಿಸುತ್ತವೆ. ಮೇ ತಿಂಗಳ ಒಂದು ಬೆಳಗಿನ ಸಂದೇಶದಲ್ಲಿರುವುದು "ಅಪ್ಪ ಹೋದ್ರು ಸರ್" ಎಂಬಷ್ಟೇ. ಬರೆದವನು ಅದೇ ಹುಡುಗ. ಅನಂತರ ಮೂರು ತಿಂಗಳು ಅವನಿಂದ ಏನೂ ಇಲ್ಲ. ಬಾರದ ಸಂದೇಶಗಳನ್ನೂ ಆಧಾರವೆಂದೇ ಓದಬೇಕೆಂಬುದನ್ನು ನಾವು ಇಲ್ಲಿ ಕಲಿತೆವು.

ತೆಲಂಗಾಣದ ಶಾಲೆಗಳು 2021ರ ಸೆಪ್ಟೆಂಬರ್ 1ರಂದು ಮತ್ತೆ ತೆರೆದವು. ರೋಗದ ಅಂಜಿಕೆ ಬಹುಮಟ್ಟಿಗೆ ತಗ್ಗಿತ್ತು. ಆದರೆ ಆ ವರ್ಷದ ಇಂಟರ್‌ಮೀಡಿಯೆಟ್ ಮೊದಲ ವರ್ಷದ ಫಲಿತಾಂಶವನ್ನು ನೋಡಬೇಕು. ಪರೀಕ್ಷೆಯಿಲ್ಲದೆ ಎರಡನೆಯ ವರ್ಷಕ್ಕೆ ಕಳುಹಿಸಲ್ಪಟ್ಟಿದ್ದ ವಿದ್ಯಾರ್ಥಿಗಳಿಗೆ ಅಕ್ಟೋಬರ್ ಕೊನೆಯಲ್ಲಿ ಮೊದಲ ವರ್ಷದ ಪರೀಕ್ಷೆಯನ್ನು ನಡೆಸಲಾಯಿತು. ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ ಸುಮಾರು 4.59 ಲಕ್ಷ ವಿದ್ಯಾರ್ಥಿಗಳಲ್ಲಿ ಶೇಕಡಾ 49ರಷ್ಟು ಮಾತ್ರ ಉತ್ತೀರ್ಣರಾಗಿದ್ದರು. ಕೆಲವು ಎಳೆಯ ಜೀವಗಳು ಆ ವಾರ ಕೈತಪ್ಪಿದವು. ಡಿಸೆಂಬರ್ 24ರಂದು ಸರ್ಕಾರವು ಅನುತ್ತೀರ್ಣರೆಲ್ಲರಿಗೂ ಕನಿಷ್ಠ 35 ಅಂಕಗಳನ್ನಿತ್ತು ತೇರ್ಗಡೆ ಮಾಡಿತು. ರೋಗದ ಅಲೆಗಳಿಂದ ಪಾರಾದ ಮಕ್ಕಳನ್ನು ಅಂಕಪಟ್ಟಿಯೊಂದು ಕೆಡವಿತೆಂಬುದನ್ನು ಯಾವ ಸೋಂಕಿನ ನಕ್ಷೆಯೂ ತೋರಿಸದು.

7

ಇದುವರೆಗಿನ ವಿವೇಚನೆಯಿಂದ ಹೊರಡುವ ಮಾತು ಇಷ್ಟು. ರೋಗದ ಏರಿಳಿತವೂ ವಿದ್ಯಾರ್ಥಿಯ ಆತಂಕದ ಏರಿಳಿತವೂ ಒಂದೇ ರೇಖೆಯಲ್ಲಿ ಸಾಗಲಿಲ್ಲ. ದಾರಿ, ಅನ್ನ, ಹಿರಿಯರ ಜೀವ, ಪರೀಕ್ಷೆ, ಭವಿಷ್ಯ ಎಂದು ಭಯವು ತನ್ನ ವಸ್ತುವನ್ನು ಬದಲಿಸುತ್ತ ಹೋಯಿತು. ಕೊನೆಗೆ ವಸ್ತುವೇ ಇಲ್ಲದ ಚಿಂತೆಯಾಗಿ ಉಳಿಯಿತು. ಆಲಂಕಾರಿಕರ ಕ್ರಮವು ಇಲ್ಲಿ ತಿರುವುಮುರುವಾಗಿದೆ: ಭಯವು ಸಂಚಾರಿಯಾಯಿತು, ಚಿಂತೆಯು ಸ್ಥಾಯಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿಯ ಅಂತ್ಯವನ್ನು ಘೋಷಿಸಿತು. ಅಂಕಪಟ್ಟಿಯ ಮೇಲಿನ ಆ ವರ್ಷಗಳು ಅಳಿಸಲಿಲ್ಲ.

ಹೊರನಾಡಿನ ಸಂಶೋಧಕರಲ್ಲಿ ನಮ್ಮದೊಂದು ವಿನಂತಿ. 1918ರ ವಿದ್ಯಾರ್ಥಿಗಳ ಮಾತು ನಮಗೆ ಸಿಗಲಿಲ್ಲವೆಂದು ಹಳಹಳಿಸುವ ನಾವು 2020ರವರ ಮಾತನ್ನೂ ಕಳೆದುಕೊಳ್ಳುವ ಹಂತದಲ್ಲಿದ್ದೇವೆ. ಅದು ತಾಳೆಗರಿಯಲ್ಲಿಲ್ಲ, ಕಾಗದದಲ್ಲಿಲ್ಲ. ಹಳೆಯದಾಗಿ ಮೂಲೆ ಸೇರುತ್ತಿರುವ ಮೊಬೈಲುಗಳಲ್ಲಿದೆ. ದೆಹಲಿ, ಮುಂಬಯಿ, ಪುಣೆ, ಕಾಸರಗೋಡುಗಳಲ್ಲಿ ಓದುತ್ತಿದ್ದ ಕನ್ನಡದ ಮಕ್ಕಳು ಆಗ ಬರೆದುದನ್ನು ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ, ತಾರೀಖಿನ ಕ್ರಮದಲ್ಲಿ ಸಂಗ್ರಹಿಸುವ ಕೆಲಸ ಈಗ ಆಗಬೇಕು. ಒಲೆಯ ಪಾಲಾಗಲಿದ್ದ ಓಲೆಗರಿಗಳನ್ನು ಮನೆಮನೆಗೆ ಅಲೆದು ಉಳಿಸಿದವರ ಪರಂಪರೆ ನಮ್ಮದು.

ಆ ಹುಡುಗನು 2021ರ ಸೆಪ್ಟೆಂಬರಿನಲ್ಲಿ ಮಿಯಾಪುರಕ್ಕೆ ಮರಳಿ ಬಂದನು. ಬಸ್ಸಿನಿಂದಿಳಿದೊಡನೆ ಬರೆದ ಸಂದೇಶವು ನಮ್ಮಲ್ಲಿದೆ: "ಬಂದೆ ಸರ್. ಅವ್ವನಿಗೆ ಫೋನು ಮಾಡಿದೆ. ನಿದ್ದೆ ಬರಾಂಗಿಲ್ಲ ಅಂತ ಈ ಸಲ ಆಕಿಗೇ ಹೇಳಿದೆ." ಈ ಲೇಖನದಲ್ಲಿ ಅವನ ಮಾತುಗಳನ್ನು ಅವನ ಅನುಮತಿಯಿಂದಲೇ ಬಳಸಿಕೊಂಡಿದ್ದೇವೆ.